ಲಗ್ನಪತ್ರಿಕೆಯ ತುಂಡು ಮತ್ತು ಪಿನ್‌ಬಾಲ್ ಯಂತ್ರ

‘ಕೆಟ್ಟಿದೆ’ ಎಂಬ ಮಾತನ್ನು ನಾವು ಎಷ್ಟು ಸುಲಭವಾಗಿ ಆಡಿಬಿಡುತ್ತೇವೆ! ಹಾಲು ಕೆಟ್ಟಿದೆ, ರೇಡಿಯೋ ಕೆಟ್ಟಿದೆ, ಮಿಕ್ಸರ್ ಕೆಟ್ಟಿದೆ, ಹುಡುಗ ಕೆಟ್ಟಿದ್ದಾನೆ. ಹಾಲಿನ ಮಟ್ಟಿಗೆ ಈ ಮಾತು ಸರಿಯೇ. ಒಡೆದ ಹಾಲನ್ನು ಮತ್ತೆ ಹಾಲಾಗಿಸುವ ವಿದ್ಯೆ ಯಾರಲ್ಲಿಯೂ ಇಲ್ಲ. ಆದರೆ ಯಂತ್ರದ ವಿಷಯದಲ್ಲಾಗಲಿ, ವಿದ್ಯಾರ್ಥಿಯ ವಿಷಯದಲ್ಲಾಗಲಿ ‘ಕೆಟ್ಟಿದೆ’ ಎಂಬುದು ಕೇವಲ ತೀರ್ಪು. ಎಲ್ಲಿ ಕೆಟ್ಟಿದೆ, ಎಷ್ಟು ಕೆಟ್ಟಿದೆ, ಯಾವುದು ಇನ್ನೂ ಸರಿಯಾಗಿದೆ ಎಂದು ಕೇಳುವಲ್ಲಿಂದ ತಪಾಸಣೆ ಆರಂಭವಾಗುತ್ತದೆ. ಮೂವತ್ತೈದು ವರ್ಷ ವಿಜ್ಞಾನ ಕಲಿಸಿದ ಮೇಲೆ ನನಗೆ ಖಚಿತವಾಗಿ ಉಳಿದಿರುವ ಕೆಲವೇ ತಿಳಿವಳಿಕೆಗಳಲ್ಲಿ ಇದೂ ಒಂದು.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯ ವಿದ್ಯುತ್ ಗಂಟೆ ನೆನಪಿರಬಹುದು. ಮರದ ಹಲಗೆಯ ಮೇಲೆ ಕೂಡಿಸಿದ್ದ ಕುದುರೆ ಲಾಳದಾಕಾರದ ವಿದ್ಯುತ್ಕಾಂತ, ಒಂದು ಕಬ್ಬಿಣದ ಪಟ್ಟಿ, ಒಂದು ಸ್ಕ್ರೂ, ಒಂದು ಬಟ್ಟಲು. ಪ್ರತಿವರ್ಷ ಪಾಠದ ದಿನವೇ ಅದು ಮುಷ್ಕರ ಹೂಡುತ್ತಿತ್ತು. ಆಗ ನೀವೆಲ್ಲರೂ ಒಕ್ಕೊರಲಿನಿಂದ “ಸರ್, ಕೆಟ್ಟೈತ್ರಿ” ಎನ್ನುತ್ತಿದ್ದಿರಿ. ಸ್ಕ್ರೂವಿನ ತುದಿಯನ್ನು ಒರೆಸಿ ಕಾಲು ಸುತ್ತು ತಿರುಗಿಸಿದರೆ ಗಂಟೆ ಮತ್ತೆ ಬಾರಿಸುತ್ತಿತ್ತು. ಸುರುಳಿಗಾಗಲಿ ಕಾಂತಕ್ಕಾಗಲಿ ಏನೂ ಆಗಿರುತ್ತಿರಲಿಲ್ಲ. ಎರಡು ಲೋಹದ ತುದಿಗಳು ಮುಟ್ಟಬೇಕಾದಲ್ಲಿ ಮುಟ್ಟಿರಲಿಲ್ಲ, ಅಷ್ಟೇ.

ಆ ಗಂಟೆಯ ನೂರಾರು ಅಣ್ಣತಮ್ಮಂದಿರು ಒಂದೇ ಪೆಟ್ಟಿಗೆಯಲ್ಲಿ ವಾಸಿಸುತ್ತಿರುವುದನ್ನು ನಾನು ನೋಡಿದ್ದು ನಿವೃತ್ತಿಯ ನಂತರ, 2024ರ ಡಿಸೆಂಬರಿನಲ್ಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೊಯಿಡಾ ತಾಲೂಕಿನಲ್ಲಿ, ಗಣೇಶಗುಡಿಯಿಂದ ಮುಂದೆ, ಸಣ್ಣದೊಂದು ಹೋಂಸ್ಟೇ ನಡೆಸುತ್ತಾನೆ. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲು, ಕಾಡು ನೋಡಲು, ಮಂಗಟ್ಟೆ ಹಕ್ಕಿಗಳ ಚಿತ್ರ ತೆಗೆಯಲು ಊರೂರಿಂದ ಜನ ಬರುತ್ತಾರೆ. ಆದರೆ ಆ ಸೀಮೆಯ ಮಳೆ ನಿಮಗೆ ಗೊತ್ತೇ ಇದೆ. ಹೊರಗೆ ಕಾಲಿಡಲಾರದ ದಿನಗಳಲ್ಲಿ ಬಂದವರು ಬೇಸರಪಡಬಾರದೆಂದು ಇವನು ಗೋವಾದ ಒಬ್ಬ ಹಳೆ ಸಾಮಾನಿನ ವ್ಯಾಪಾರಿಯಿಂದ ಒಂದು ಪಿನ್‌ಬಾಲ್ ಯಂತ್ರವನ್ನು 35,000 ರೂಪಾಯಿ ಕೊಟ್ಟು ತಂದಿದ್ದ. ಒಡೆಯಲು ತಂದ ಯಾವುದೋ ಹಡಗಿನ ಮನರಂಜನಾ ಕೋಣೆಯಲ್ಲಿದ್ದ ಯಂತ್ರವೆಂದು ವ್ಯಾಪಾರಿ ಹೇಳಿದ್ದನಂತೆ. ತಂದ ಮೂರನೆಯ ದಿನವೇ ಅದು ನಿಂತುಹೋಯಿತು.

“ಸರ್, ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಕರಿಸಿದ್ದೆರಿ. ಒಳಗ ನೋಡಿ ಕೈಮುಗಿದು ಹೋದಾರಿ. ಅಪ್ಪಾ ದಿನಾ ಬೈತಾರಿ. ನೀವೊಮ್ಮೆ ಬಂದು ನೋಡ್ರಿ ಸರ್” ಎಂದು ಫೋನಿನಲ್ಲಿ ಗೋಗರೆದ. ಅವನು ಶಾಲೆಯಲ್ಲಿ ಅಂಥ ಜಾಣನೇನೂ ಆಗಿರಲಿಲ್ಲ. ಆದರೆ ಸೈಕಲ್ ಡೈನಮೋ ಬಿಚ್ಚಿ ಜೋಡಿಸುವುದರಲ್ಲಿ ತರಗತಿಗೇ ಮೊದಲಿಗ. ನಾನು ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಸಣ್ಣ ಅರ, ಒಂದಿಷ್ಟು ಹಳೆಯ ಲಗ್ನಪತ್ರಿಕೆಗಳನ್ನು ಚೀಲದಲ್ಲಿ ಹಾಕಿಕೊಂಡು ಹಳಿಯಾಳದಿಂದ ದಾಂಡೇಲಿ ಬಸ್ಸು ಹತ್ತಿದೆ. ಲಗ್ನಪತ್ರಿಕೆ ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಯಂತ್ರದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಜಾತ್ರೆಗಳಲ್ಲಿ, ಆಟಿಕೆ ಅಂಗಡಿಗಳಲ್ಲಿ ಮೊಳೆ ಬಡಿದ ಹಲಗೆಯ ಮೇಲೆ ಗೋಲಿ ಉರುಳಿಸುವ ಆಟವನ್ನು ನೀವು ಕಂಡಿರುತ್ತೀರಿ. ಅದೇ ಬ್ಯಾಗಟೆಲ್. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಶ್ರೀಮಂತರ ಮೇಜಿನ ಆಟವಾಗಿದ್ದುದು ಅದು. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬವರು ಗೋಲಿಯನ್ನು ಸ್ಪ್ರಿಂಗಿನಿಂದ ಚಿಮ್ಮಿಸುವ ಏರ್ಪಾಟಿಗೆ ಪೇಟೆಂಟ್ ಪಡೆದರು. 1931ರಲ್ಲಿ ಷಿಕಾಗೋದ ಡೇವಿಡ್ ಗಾಟ್ಲೀಬ್ ‘ಬ್ಯಾಫಲ್ ಬಾಲ್’ ಎಂಬ ನಾಣ್ಯ ಹಾಕುವ ಯಂತ್ರವನ್ನು ಮಾರುಕಟ್ಟೆಗೆ ತಂದರು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಒಂದು ಪೆನ್ನಿಗೆ ಐದರಿಂದ ಏಳು ಗುಂಡುಗಳ ಸಂತೋಷ ಜನರಿಗೆ ಅಗ್ಗವಾಗಿ ಕಂಡಿತು. 1933ರಲ್ಲಿ ಹ್ಯಾರಿ ವಿಲಿಯಮ್ಸ್ ‘ಕಾಂಟ್ಯಾಕ್ಟ್’ ಎಂಬ ಯಂತ್ರದಲ್ಲಿ ವಿದ್ಯುತ್ ಸುರುಳಿಯಿಂದ ಗುಂಡನ್ನು ಒದೆಯುವಂತೆ ಮಾಡಿದರು. 1947ರಲ್ಲಿ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರಕ್ಕೆ ಹ್ಯಾರಿ ಮ್ಯಾಬ್ಸ್ ವಿದ್ಯುತ್ತಿನ ರೆಕ್ಕೆಗಳನ್ನು ಜೋಡಿಸಿದರು. ಅವುಗಳ ಹೆಸರೇ ಫ್ಲಿಪ್ಪರ್. ಆಟಗಾರ ಗುಂಡಿ ಒತ್ತಿದಾಗ ರೆಕ್ಕೆ ಎದ್ದು, ಕೆಳಗೆ ಬೀಳಲಿದ್ದ ಉಕ್ಕಿನ ಗುಂಡನ್ನು ಮೇಲಕ್ಕೆ ಹೊಡೆಯುತ್ತದೆ. ಅಲ್ಲಿಯವರೆಗೆ ಅದೃಷ್ಟದ ಆಟವಾಗಿದ್ದುದು ಅಲ್ಲಿಂದ ಮುಂದೆ ಕೈಚಳಕದ ಆಟವಾಯಿತು.

ನಾನು ಹೋಂಸ್ಟೇ ತಲುಪಿದಾಗ ವಿದ್ಯಾರ್ಥಿಯ ತಂದೆ ಜಗಲಿಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. “ಮಾಸ್ತರರ, ಇದು ಜೂಜಿನ ಮಶೀನು. ಕೆಟ್ಟಿದ್ದ ಛಲೋ ಆತು. ನೀವ್ಯಾಕ ರಿಪೇರಿ ಮಾಡಾಕ ಬಂದೀರಿ?” ಎಂದು ನೇರವಾಗಿಯೇ ಕೇಳಿದರು. ಅವರ ಸಂಶಯಕ್ಕೆ ದೊಡ್ಡ ಜೊತೆಗಾರರಿದ್ದರು. 1942ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಲಾಗಾರ್ಡಿಯಾ ಇದೇ ಕಾರಣಕ್ಕೆ ಪಿನ್‌ಬಾಲನ್ನು ನಿಷೇಧಿಸಿ, ವಶಪಡಿಸಿಕೊಂಡ ಯಂತ್ರಗಳನ್ನು ಸ್ವತಃ ಸುತ್ತಿಗೆಯಿಂದ ಒಡೆದಿದ್ದರು. ಆ ನಿಷೇಧ ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಯುವಕ ನಗರಸಭೆಯ ಸಮಿತಿಯ ಮುಂದೆ ಯಂತ್ರವನ್ನಿಟ್ಟು, ಗುಂಡು ಯಾವ ದಾರಿಯಲ್ಲಿ ಹೋಗುವುದೆಂದು ಮೊದಲೇ ಹೇಳಿ, ಹಾಗೆಯೇ ಹೊಡೆದು ತೋರಿಸಿದ. ಈ ಕತೆಯನ್ನು ಹೇಳಿ, “ನಿಮ್ಮ ಮಗನ ಯಂತ್ರದಿಂದ ದುಡ್ಡು ಹೊರಗೆ ಬರುವುದಿಲ್ಲ, ಗಂಟೆಯ ಸಪ್ಪಳ ಮಾತ್ರ ಬರುತ್ತದೆ” ಎಂದೆ. ಅವರು ನಕ್ಕರೂ ಪೂರ್ತಿ ಒಪ್ಪಲಿಲ್ಲ.

ಆ ಮನೆಯಲ್ಲಿ ‘ಕೆಟ್ಟಿದೆ’ ಎಂಬ ತೀರ್ಪಿಗೆ ಒಳಗಾದದ್ದು ಯಂತ್ರವೊಂದೇ ಅಲ್ಲವೆಂದು ಚಹಾ ಕುಡಿಯುವಾಗ ತಿಳಿಯಿತು. ವಿದ್ಯಾರ್ಥಿಯ ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ನಪಾಸಾಗಿದ್ದಳು. “ಇವಳ ತಲಿಗೆ ವಿಜ್ಞಾನ ಹತ್ತೂದಿಲ್ಲ” ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಮನೆಯವರು ಅದನ್ನು ನಂಬಿದ್ದರು. ಅದಕ್ಕಿಂತ ದುಃಖದ ಸಂಗತಿಯೆಂದರೆ ಹುಡುಗಿಯೂ ನಂಬಿದ್ದಳು. ಹೇಗೋ ಎಸ್ಸೆಸ್ಸೆಲ್ಸಿ ಮುಗಿಸಿ ಅಡುಗೆಮನೆ ಮತ್ತು ಅತಿಥಿಗಳ ಕೋಣೆಗಳ ಕೆಲಸಕ್ಕೆ ನಿಲ್ಲುವುದೆಂದು ನಿರ್ಧಾರವಾಗಿತ್ತು. ನಾನು ಏನೂ ಹೇಳಲಿಲ್ಲ. “ನನಗೆ ಬ್ಯಾಟರಿ ಹಿಡಿಯಲು ಒಬ್ಬರು ಬೇಕು, ಕಣ್ಣು ಮೊದಲಿನಂತಿಲ್ಲ” ಎಂದಷ್ಟೇ ಹೇಳಿದೆ. ಅವಳು ಟಾರ್ಚ್ ಹಿಡಿದು ಬಂದು ನಿಂತಳು.

ಹಳಿಯಾಳದ ಪೇಟೆಯಲ್ಲಿ ಹಿಂದೆ ವಾಲ್ವ್ ರೇಡಿಯೋ ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವರು. ನಾನು ಬಿ.ಎಡ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳಲ್ಲಿ ಸಂಜೆಹೊತ್ತು ಅವರ ಅಂಗಡಿಯಲ್ಲಿ ಕೂರುತ್ತಿದ್ದೆ. “ಮೊದಲ ನೋಡ್ರಿ, ಆಮ್ಯಾಲೆ ಮೂಸ್ರಿ, ಆಮ್ಯಾಲೆ ಕೇಳ್ರಿ, ಎಲ್ಲಾ ಮುಗದ ಮ್ಯಾಲೆ ಮುಟ್ರಿ” ಎಂಬುದು ಅವರ ಸೂತ್ರ. ಕಾಲೇಜಿನಲ್ಲಿ ಓದಿದ ಯಾವ ಬೋಧನಾ ಪದ್ಧತಿಗಿಂತಲೂ ಈ ಒಂದು ಸಾಲು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಅದರಂತೆ ಮೊದಲು ಪ್ಲಗ್ ಕಿತ್ತು, ಗಾಜು ಸರಿಸಿ, ಆಟದ ಹಲಗೆಯನ್ನು ಎತ್ತಿ ನಿಲ್ಲಿಸಿದೆವು. ಹುಡುಗಿ “ಅಯ್ಯೋ!” ಎಂದಳು. ಮೇಲೆ ಬಣ್ಣಬಣ್ಣದ ದೀಪ, ರಬ್ಬರ್ ಬಳೆಗಳಿದ್ದ ಹಲಗೆಯ ಹೊಟ್ಟೆಯಲ್ಲಿ ನೂರಾರು ತಂತಿಗಳು, ಸುರುಳಿಗಳು, ತೆಳುವಾದ ಲೋಹದ ಪಟ್ಟಿಗಳ ಸಾಲುಗಳು. ಷಿಕಾಗೋದಲ್ಲಿ 1970ರ ದಶಕದ ಆರಂಭದಲ್ಲಿ ತಯಾರಾದ ಯಂತ್ರವದು. ಆ ದಶಕದ ಕೊನೆಯಲ್ಲಿ ಪಿನ್‌ಬಾಲ್ ಯಂತ್ರಗಳಿಗೆ ಮೈಕ್ರೊಪ್ರೊಸೆಸರ್ ಬಂದಿತು. ಇದು ಅದಕ್ಕಿಂತ ಮೊದಲಿನದು. ಇದರಲ್ಲಿ ಒಂದೇ ಒಂದು ಚಿಪ್ ಇಲ್ಲ. ಎಣಿಸುವುದು, ನೆನಪಿಡುವುದು, ನಿರ್ಧರಿಸುವುದು ಎಲ್ಲವೂ ರಿಲೇಗಳ ಕೆಲಸ. ರಿಲೇ ಎಂದರೆ ನಮ್ಮ ವಿದ್ಯುತ್ ಗಂಟೆಯೇ; ಬಟ್ಟಲು ಬಾರಿಸುವ ಬದಲು ಅದು ಇನ್ನೊಂದು ಸ್ವಿಚ್ಚನ್ನು ಕೂಡಿಸುತ್ತದೆ ಅಥವಾ ಬಿಡಿಸುತ್ತದೆ.

ನೋಡುವ ಕೆಲಸದಿಂದಲೇ ಮೊದಲ ಎರಡು ದೋಷಗಳು ಸಿಕ್ಕವು. ಫ್ಯೂಜಿನ ಗಾಜಿನ ನಳಿಕೆಗೆ ಯಾರೋ ತಾಮ್ರದ ಎಳೆ ಸುತ್ತಿದ್ದರು. ನಮ್ಮ ಕಡೆ ಇದು ಸರ್ವೇಸಾಮಾನ್ಯ ದುರಭ್ಯಾಸ. ಫ್ಯೂಜು ತಾನು ಸುಟ್ಟು ಒಳಗಿನದನ್ನು ಉಳಿಸಬೇಕಾದದ್ದು. ಅದಕ್ಕೆ ಎಳೆ ಸುತ್ತಿದರೆ ಕಾವಲುಗಾರನಿಗೆ ನಿದ್ರೆಯ ಮದ್ದು ಕೊಟ್ಟಂತೆ. ಅದನ್ನು ಕಿತ್ತೆಸೆದು ಅದೇ ಆಂಪಿಯರಿನ ಹೊಸ ಫ್ಯೂಜು ಹಾಕಿದೆವು. ಯಂತ್ರ 120 ವೋಲ್ಟಿನದು. ವ್ಯಾಪಾರಿ ಪುಣ್ಯಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಟ್ಟಿದ್ದ. ಆದರೆ ಹಳೆಯ ತಂತಿಗೆ ಎರಡೇ ಪಿನ್ನು, ಅರ್ಥಿಂಗ್ ಇಲ್ಲ. ಕಬ್ಬಿಣದ ಕಾಲು, ಕಬ್ಬಿಣದ ಬಾಗಿಲಿನ ಯಂತ್ರವನ್ನು ಮಳೆನಾಡಿನಲ್ಲಿ ಒದ್ದೆ ಕೈಯಿಂದ ಮಕ್ಕಳು ಮುಟ್ಟುತ್ತಾರೆ. ಮೂರು ಪಿನ್ನಿನ ತಂತಿ ಹಾಕಿ ಅರ್ಥಿಂಗ್ ಕೂಡಿಸುವ ತನಕ ಮುಂದಿನ ಕೆಲಸಕ್ಕೆ ಕೈಹಾಕಲಿಲ್ಲ.

ಎರಡನೆಯದು, ಹಿಂದಿನ ಪೆಟ್ಟಿಗೆಯನ್ನೂ ಕೆಳಗಿನ ಪೆಟ್ಟಿಗೆಯನ್ನೂ ಜೋಡಿಸುವ ದೊಡ್ಡ ಪ್ಲಗ್ಗುಗಳು. ಹತ್ತಾರು ಪಿನ್ನುಗಳಿರುವ ಈ ಪ್ಲಗ್ಗುಗಳ ಮೇಲೆ ಕಡಲ ಗಾಳಿ ಮತ್ತು ಮಳೆಗಾಲದ ತೇವ ಸೇರಿ ಹಸಿರು ಕಿಲುಬು ಹತ್ತಿತ್ತು. ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಕೂಡಿಸಿದಾಗ ದೀಪಗಳು ಹೊತ್ತಿದವು. ಮನೆಮಂದಿಯೆಲ್ಲ ಓಡಿಬಂದರು.

ಆದರೆ ಆಟ ಆರಂಭವಾಗಲಿಲ್ಲ. ಗುಂಡಿ ಒತ್ತಿದರೆ ಒಳಗೆ ಒಂದು ಮೋಟಾರು ಗುರ್ರೆಂದು ತಿರುಗತೊಡಗಿ, ನಿಲ್ಲುವುದನ್ನೇ ಮರೆಯುತ್ತಿತ್ತು. ಇದನ್ನು ಸ್ಕೋರ್ ಮೋಟಾರ್ ಎನ್ನುತ್ತಾರೆ. ಅದರ ಹಲ್ಲಿನ ಚಕ್ರಗಳು ಸುತ್ತಲಿನ ಸ್ವಿಚ್ಚುಗಳನ್ನು ಸರದಿಯಂತೆ ಒತ್ತುತ್ತವೆ. ಹೊಸ ಆಟ ಶುರುವಾಗುವಾಗ ಅಂಕ ತೋರಿಸುವ ಚಕ್ರಗಳನ್ನೆಲ್ಲ ಸೊನ್ನೆಗೆ ತರುವುದು ಅದರ ಮೊದಲ ಕೆಲಸ. ಎಲ್ಲವೂ ಸೊನ್ನೆಗೆ ಬಂದವೆಂದು ತಿಳಿದಾಗ ತಾನಾಗಿ ನಿಲ್ಲಬೇಕು. ಗಾಜಿನ ಮೇಲೆ ನಾಲ್ಕೂ ಚಕ್ರಗಳು ಸೊನ್ನೆಯನ್ನೇ ತೋರಿಸುತ್ತಿದ್ದವು. ಮೋಟಾರು ಮಾತ್ರ ನಿಲ್ಲಲೊಲ್ಲದು.

ಹುಬ್ಬಳ್ಳಿಯ ಮೆಕ್ಯಾನಿಕ್ ಕೈಮುಗಿದದ್ದು ಇಲ್ಲಿಯೇ ಇರಬೇಕು. ಅವನನ್ನು ದೂರಲಾಗದು, ಮೋಟಾರು ತಿರುಗುತ್ತಿದ್ದರೆ ಎಲ್ಲರ ಕಣ್ಣೂ ಮೋಟಾರಿನ ಮೇಲೆಯೇ ಹೋಗುತ್ತದೆ. ಆದರೆ ಆ ಮೋಟಾರು ತನಗೆ ಹೇಳಿದ್ದನ್ನು ಚಾಚೂತಪ್ಪದೆ ಮಾಡುತ್ತಿತ್ತು. ಅದಕ್ಕೆ ಯಾರೋ ‘ಇನ್ನೂ ಮುಗಿದಿಲ್ಲ’ ಎಂದು ಸುಳ್ಳು ಹೇಳುತ್ತಿದ್ದರು. ಆ ಸುಳ್ಳುಗಾರ ಯಾರು?

ಪೆಟ್ಟಿಗೆಯೊಳಗೆ ಇಲಿ ಕಡಿದ ಒಂದು ನಕ್ಷೆ ಇತ್ತು. ಹುಡುಗಿ ತನ್ನ ಫೋನಿನಲ್ಲಿ ಹುಡುಕಿ ಅದರ ಪೂರ್ಣ ಪ್ರತಿಯನ್ನು ಇಳಿಸಿಕೊಂಡಳು. ತಂದೆ ಜೊಯಿಡಾಕ್ಕೆ ಹೋಗಿ ಝೆರಾಕ್ಸ್ ಮಾಡಿಸಿ ತಂದ. ಆರು ಹಾಳೆಗಳನ್ನು ಅಂಟಿಸಿ ಊಟದ ಮೇಜಿನ ಮೇಲೆ ಹಾಸಿದೆವು. ನಾನು ಉತ್ತರ ಹೇಳದೆ ಮೋಟಾರಿನ ಗುರುತನ್ನು ತೋರಿಸಿ, “ಇಲ್ಲಿಂದ ಹಿಂದಕ್ಕೆ ಹೋಗು. ಯಾರ ಮಾತು ಕೇಳಿ ಇದು ತಿರುಗುತ್ತಿದೆ?” ಎಂದು ಕೇಳಿದೆ.

ಹುಡುಗಿ ಬೆರಳಿಟ್ಟುಕೊಂಡು ಗೆರೆಯ ಮೇಲೆ ಹಿಂದಕ್ಕೆ ನಡೆದಳು. ಮೋಟಾರಿನಿಂದ ಒಂದು ರಿಲೇ. ಆ ರಿಲೇಯಿಂದ ನಾಲ್ಕು ಸ್ವಿಚ್ಚುಗಳು, ಏಣಿಯ ಮೆಟ್ಟಿಲುಗಳಂತೆ ಒಂದರ ಕೆಳಗೊಂದು. ಪ್ರತಿ ಅಂಕದ ಚಕ್ರಕ್ಕೂ ಒಂದೊಂದು. ಚಕ್ರ ಸೊನ್ನೆಗೆ ಬಂದೊಡನೆ ಅದರ ಸ್ವಿಚ್ಚು ಬಿಚ್ಚಿಕೊಳ್ಳಬೇಕು. ಹುಡುಗಿ ಬಹಳ ಹೊತ್ತು ಸುಮ್ಮನೆ ನೋಡಿದಳು. ನಾನೂ ಸುಮ್ಮನಿದ್ದೆ. ಶಿಕ್ಷಕ ವೃತ್ತಿಯಲ್ಲಿ ಅತ್ಯಂತ ಕಠಿಣವಾದ ಕೆಲಸವೆಂದರೆ ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು.

“ಅಜ್ಜಾರ, ಈ ನಾಲ್ಕರಾಗ ಯಾವುದರ ಒಂದು ಕೂಡೇ ಇದ್ರೂ ಸಾಕಲ್ರಿ? ಉಳಿದ ಮೂರು ಬಿಟ್ಟರೂ ಕರೆಂಟ್ ಅದರಾಗ ಹಾದು ಹೋಗ್ತೈತಿ” ಎಂದಳು.

“ಈ ಜೋಡಣೆಗೆ ಏನೆನ್ನುತ್ತಾರೆ?”

ಅವಳ ಮುಖ ಸ್ವಲ್ಪ ಬಾಡಿತು. “ಸಮಾಂತರ ಜೋಡಣೆ. ಪರೀಕ್ಷಾದಾಗ ಇದ ಲೆಕ್ಕಾ ತಪ್ಪಿದ್ದೆರಿ” ಎಂದಳು. ಮೂರು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದ ಲೆಕ್ಕದಲ್ಲಿ ಅವಳು ಸರಣಿಯಂತೆ ಕೂಡಿಸಿ ಬರೆದಿದ್ದಳಂತೆ. ಸೊನ್ನೆ ಅಂಕ. ಅದೇ ಹುಡುಗಿ ಈಗ ಯಾವ ಸೂತ್ರದ ಸಹಾಯವೂ ಇಲ್ಲದೆ, ಸಮಾಂತರ ಜೋಡಣೆಯ ಹೃದಯವನ್ನೇ ಹೇಳಿದ್ದಳು: ದಾರಿಗಳು ಹಲವು, ಒಂದು ತೆರೆದಿದ್ದರೂ ಪ್ರವಾಹ ನಿಲ್ಲದು. ದಾರಿಗಳು ಹೆಚ್ಚಿದಂತೆ ಒಟ್ಟು ರೋಧ ಏಕೆ ಕಡಿಮೆಯಾಗುತ್ತದೆ ಎಂಬುದೂ ಇಲ್ಲಿಯೇ ಅಡಗಿದೆ. ಅವಳಿಗೆ ತಿಳಿದಿರದಿದ್ದುದು ಸೂತ್ರವನ್ನು ಈ ತಿಳಿವಳಿಕೆಗೆ ಕೂಡಿಸುವ ಒಂದು ಕೊಂಡಿ ಮಾತ್ರ.

“ನಾಲ್ಕರಲ್ಲಿ ಯಾವುದೆಂದು ಹೇಗೆ ಹುಡುಕುತ್ತೀ?” ಎಂದು ಕೇಳಿದೆ. ಆ ಸ್ವಿಚ್ಚುಗಳು ಚಕ್ರಗಳ ಹಿಂದೆ ಇಕ್ಕಟ್ಟಿನಲ್ಲಿದ್ದವು. ಕಣ್ಣಿಗೆ ನಾಲ್ಕೂ ಒಂದೇ ತರಹ ಕಾಣುತ್ತಿದ್ದವು. ಅವಳು ನನ್ನ ಚೀಲದತ್ತ ನೋಡಿದಳು. ಬೆಳಗ್ಗೆಯಿಂದ ನಾನು ಲಗ್ನಪತ್ರಿಕೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ರಿಲೇಗಳ ತುದಿಗಳ ನಡುವೆ ಎಳೆದು ಒರೆಸುವುದನ್ನು ನೋಡಿದ್ದಳು. ಬೆಳ್ಳಿಯ ಲೇಪವಿರುವ ತುದಿಗಳಿಗೆ ಉಸುಕಿನ ಕಾಗದ ಹಚ್ಚಬಾರದು; ಲೇಪವೇ ಹೋಗುತ್ತದೆ. ಗಟ್ಟಿಯಾದ, ಸ್ವಲ್ಪ ಒರಟಾದ ಕಾಗದವನ್ನು ನಡುವೆ ಇಟ್ಟು, ತುದಿಗಳನ್ನು ಮೆಲ್ಲಗೆ ಒತ್ತಿ ಹಿಡಿದು ಎಳೆದರೆ ಕಪ್ಪು ಕಾಗದಕ್ಕೆ ಹತ್ತಿ ಬರುತ್ತದೆ. ನಮ್ಮ ಕಡೆಯ ಲಗ್ನಪತ್ರಿಕೆಯಷ್ಟು ಇದಕ್ಕೆ ಒದಗುವ ವಸ್ತು ಇನ್ನೊಂದಿಲ್ಲ. ಆ ಕಾಗದವನ್ನೇ ಅವಳು ಬೇರೊಂದು ಕೆಲಸಕ್ಕೆ ಕೇಳಿದಳು.

“ಒಂದೊಂದರ ನಡುವ ಕಾಗದ ಇಟ್ರ? ಕಾಗದದಾಗ ಕರೆಂಟ್ ಹಾಯೂದಿಲ್ಲ. ಯಾವುದಕ್ಕ ಇಟ್ಟಾಗ ಮೋಟಾರ್ ನಿಲ್ತೈತಿ, ಅದ ಕಳ್ಳ.”

ನಾನು ಮೂವತ್ತೈದು ವರ್ಷ ಪ್ರಾಯೋಗಿಕ ಪರೀಕ್ಷೆಗಳನ್ನು ನಡೆಸಿದ್ದೇನೆ. ಪ್ರಯೋಗವನ್ನು ಪುಸ್ತಕದಿಂದ ಬರೆದವರು ನೂರಾರು. ತನಗೆ ಬೇಕಾದ ಪ್ರಯೋಗವನ್ನು ತಾನೇ ಕಟ್ಟಿದವರನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದು.

ಪ್ರತಿಸಲವೂ ಪ್ಲಗ್ ಕಿತ್ತು, ಕಾಗದ ಇಟ್ಟು, ಕೈ ಹೊರಗೆ ತೆಗೆದು, ಮತ್ತೆ ಪ್ಲಗ್ ಹಾಕುವುದೆಂದು ಶರತ್ತು ವಿಧಿಸಿದೆ. ಸುರುಳಿಗಳಿಗೆ ಹೋಗುವುದು ಮೂವತ್ತು ವೋಲ್ಟಿನ ಆಸುಪಾಸು ಮಾತ್ರವಾದರೂ, ಅದೇ ಪೆಟ್ಟಿಗೆಯಲ್ಲಿ ಮೇನ್ಸ್ ತಂತಿಯೂ ಇರುತ್ತದೆ. ಸಾವಿರದ ಚಕ್ರ: ಮೋಟಾರು ನಿಲ್ಲಲಿಲ್ಲ. ನೂರರ ಚಕ್ರ: ನಿಲ್ಲಲಿಲ್ಲ. ಹತ್ತರ ಚಕ್ರದ ಸ್ವಿಚ್ಚಿನಲ್ಲಿ ಕಾಗದವಿಟ್ಟು ಗುಂಡಿ ಒತ್ತಿದೊಡನೆ ಮೋಟಾರು ಅರ್ಧ ಸುತ್ತು ತಿರುಗಿ ಟಕ್ಕೆಂದು ನಿಂತಿತು. ಮರುಕ್ಷಣ ಕೆಳಗೆ ಉಕ್ಕಿನ ಗುಂಡು ಹೊರಬಂದು ಚಿಮ್ಮುವ ಗಾಲಿಯಲ್ಲಿ ಕುಳಿತುಕೊಂಡಿತು. ಯಂತ್ರ ಆಟಕ್ಕೆ ಸಿದ್ಧವಾಗಿತ್ತು.

ಆ ಸ್ವಿಚ್ಚಿನ ಒಂದು ಪಟ್ಟಿ ಕೂದಲೆಳೆಯಷ್ಟು ಬಾಗಿ, ಚಕ್ರ ಸೊನ್ನೆಗೆ ಬಂದಾಗಲೂ ಜೊತೆಗಾರನನ್ನು ಬಿಡದೆ ಹಿಡಿದುಕೊಂಡಿತ್ತು. ಪಟ್ಟಿಯನ್ನು ತುದಿಯಲ್ಲಿ ಬಗ್ಗಿಸಬಾರದು, ಬುಡದಲ್ಲಿ ಬಗ್ಗಿಸಬೇಕು. ತುದಿಯಲ್ಲಿ ಬಗ್ಗಿಸಿದರೆ ಡೊಂಕು ಹೆಚ್ಚುತ್ತದೆ, ನಾಲ್ಕು ದಿನದಲ್ಲಿ ಮತ್ತೆ ಅದೇ ಕತೆ. ಸಣ್ಣ ಇಕ್ಕಳ ಅವಳ ಕೈಗೆ ಕೊಟ್ಟೆ. ನನ್ನ ಬೆರಳು ಈಗ ಅಷ್ಟು ಸ್ಥಿರವಿಲ್ಲ. ಅವಳೇ ಬಗ್ಗಿಸಿದಳು, ಅವಳೇ ಕಾಗದ ತೆಗೆದಳು. ಮೋಟಾರು ಸರಿಯಾಗಿ ನಿಂತಿತು.

ಉಳಿದದ್ದು ಬಲಗಡೆಯ ಫ್ಲಿಪ್ಪರ್. ಅದು ಏಳುತ್ತಿತ್ತು, ಆದರೆ ಜ್ವರ ಬಂದವನು ಹಾಸಿಗೆಯಿಂದ ಏಳುವ ಹಾಗೆ. ಗುಂಡನ್ನು ಹೊಡೆಯುವ ಕಸುವಿಲ್ಲ. ಸುರುಳಿ ಸುಟ್ಟಿದೆಯೆಂದು ತಂದೆಯ ಅನುಮಾನ. ಆದರೆ ಆ ಸುರುಳಿಯ ರಚನೆ ಬಹಳ ಸೊಗಸಾದುದು. ಅದರಲ್ಲಿ ಎರಡು ಸುತ್ತುಗಳಿವೆ: ಒಂದು ದಪ್ಪ ತಂತಿಯದು, ಇನ್ನೊಂದು ತೆಳು ತಂತಿಯದು. ಗುಂಡಿ ಒತ್ತಿದೊಡನೆ ದಪ್ಪ ಸುತ್ತಿನಲ್ಲಿ ಮಾತ್ರ ಭಾರೀ ಪ್ರವಾಹ ಹರಿದು ರೆಕ್ಕೆಯನ್ನು ಎಳೆಯುತ್ತದೆ. ಆಗ ತೆಳು ಸುತ್ತಿನ ಎರಡು ತುದಿಗಳನ್ನು ಒಂದು ಸ್ವಿಚ್ಚು ಕೂಡಿಸಿಟ್ಟಿರುತ್ತದೆ; ಪ್ರವಾಹ ಆ ಅಡ್ಡದಾರಿಯಲ್ಲಿ ಹೋಗಿಬಿಡುತ್ತದೆ. ರೆಕ್ಕೆ ಪೂರ್ತಿ ಎದ್ದಾಗ ಅದೇ ಆ ಸ್ವಿಚ್ಚನ್ನು ಬಿಡಿಸುತ್ತದೆ. ಈಗ ಪ್ರವಾಹ ಎರಡೂ ಸುತ್ತುಗಳಲ್ಲಿ ಸರಣಿಯಾಗಿ ಹರಿಯಬೇಕು. ರೋಧ ಹೆಚ್ಚುತ್ತದೆ, ಪ್ರವಾಹ ತಗ್ಗುತ್ತದೆ. ಎತ್ತಿದ್ದನ್ನು ಹಿಡಿದುಕೊಂಡಿರಲು ಅಷ್ಟು ಸಾಕು. ಎತ್ತಲು ಬಲ ಬೇಕು, ಹಿಡಿಯಲು ತಾಳ್ಮೆ ಸಾಕು. ಈ ಸ್ವಿಚ್ಚು ಬಿಡದಿದ್ದರೆ ದಪ್ಪ ಸುತ್ತು ಕಾದು ಸುಟ್ಟುಹೋಗುತ್ತದೆ. ಅದರ ತುದಿ ಕಪ್ಪುಗಟ್ಟಿ ಸರಿಯಾಗಿ ಕೂಡದಿದ್ದರೆ ಆರಂಭದಿಂದಲೇ ಪ್ರವಾಹ ತೆಳು ಸುತ್ತಿನ ಮೂಲಕ ಹೋಗಬೇಕಾಗಿ ರೆಕ್ಕೆಗೆ ಕಸುವಿರುವುದಿಲ್ಲ. ನಮ್ಮದು ಎರಡನೆಯ ರೋಗ. ಆ ತುದಿ ಟಂಗ್‌ಸ್ಟನ್ನಿನದು, ಕಾಗದಕ್ಕೆ ಬಗ್ಗುವುದಿಲ್ಲ. ಸಣ್ಣ ಅರದಿಂದ ನಾಲ್ಕು ಸಲ ಉಜ್ಜಿದಾಗ ರೆಕ್ಕೆ ಫಟ್ಟೆಂದು ಎದ್ದಿತು.

“ಇಲ್ಲೆ ಸರಣಿ, ಅಲ್ಲೆ ಸಮಾಂತರ” ಎಂದು ಹುಡುಗಿ ತನ್ನಷ್ಟಕ್ಕೆ ಹೇಳಿಕೊಂಡದ್ದು ನನಗೆ ಕೇಳಿಸಿತು.

ರಾತ್ರಿ ಊಟದ ಮೊದಲು ಎಲ್ಲರೂ ಆಡಿದರು. ಅಡಿಕೆಯ ಅಜ್ಜನೂ ಬಂದರು. ಅವರು ಯಂತ್ರವನ್ನು ಜೋರಾಗಿ ಅಲುಗಾಡಿಸಿದ್ದರಿಂದ ಆಟ ನಿಂತು ‘ಟಿಲ್ಟ್’ ಎಂಬ ದೀಪ ಹೊತ್ತಿತು. ಒಳಗೆ ಒಂದು ಲೋಹದ ಬಳೆಯ ನಡುವೆ ಲೋಲಕ ತೂಗುಹಾಕಿರುತ್ತಾರೆ. ಯಂತ್ರವನ್ನು ಹೆಚ್ಚು ಅಲುಗಿಸಿದರೆ ಲೋಲಕ ಬಳೆಗೆ ತಾಗಿ ಆಟ ಮುಗಿಯುತ್ತದೆ. “ಗೌಂಡಿಯ ತೂಗುಗುಂಡು ಇದ್ದಂಗ ಐತಲ್ಲ” ಎಂದು ಅಜ್ಜ ಮೆಚ್ಚಿಕೊಂಡರು. ಮೋಸ ಮಾಡಿದವನನ್ನು ಹಿಡಿಯುವ ಯಂತ್ರ ಜೂಜಿನದಾಗಿರಲಿಕ್ಕಿಲ್ಲ ಎಂದೂ ಸೇರಿಸಿದರು.

ಆಗ ನಾನು ವಿದ್ಯಾರ್ಥಿಯನ್ನು ಹೊರಗೆ ಕರೆದು ಹೇಳಿದೆ: “ನಿನ್ನ ಯಂತ್ರ ಎಷ್ಟು ಕೆಟ್ಟಿತ್ತು ನೋಡಿದೆಯಲ್ಲ? ಒಂದು ಫ್ಯೂಜು, ಸ್ವಲ್ಪ ಕಿಲುಬು, ಬಾಗಿದ ಒಂದು ಪಟ್ಟಿ, ಕಪ್ಪಾದ ಒಂದು ತುದಿ. ಹೊಸ ಭಾಗ ಯಾವುದೂ ಬೇಕಾಗಲಿಲ್ಲ. ಮಗಳ ವಿಜ್ಞಾನವೂ ಅಷ್ಟೇ ಕೆಟ್ಟಿದೆ.” ಅವನು ಕತ್ತಲೆಯಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ನನಗೂ ಸಾಲ್ಯಾಗ ಹಂಗ ಅಂದಿದ್ರಲ್ರಿ ಸರ್, ತಲಿಗೆ ಹತ್ತೂದಿಲ್ಲ ಅಂತ. ನೀವೊಬ್ಬರ ಡೈನಮೋ ಕೈಗೆ ಕೊಟ್ಟಿದ್ರಿ” ಎಂದ.

ಮುಂದಿನದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ. ಮಾರ್ಚಿಯವರೆಗೆ ವಾರಕ್ಕೆರಡು ಸಂಜೆ ಅವಳು ಫೋನಿನಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಸಿಗ್ನಲ್ ಸಿಗಲು ಗುಡ್ಡದ ತಿರುವಿಗೆ ನಡೆದು ಬರುತ್ತಿದ್ದಳಂತೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಪಾಸಾದಳು. ಪತ್ರಿಕೆಯಲ್ಲಿ ಫೋಟೋ ಬರುವ ಅಂಕಗಳೇನಲ್ಲ. ವಿದ್ಯುಚ್ಛಕ್ತಿ, ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು ಎಂಬ ಎರಡು ಪಾಠಗಳ ಪ್ರಶ್ನೆಗಳನ್ನು ಮಾತ್ರ ಪೂರ್ತಿ ಬರೆದೆನೆಂದಳು. ಕಾರವಾರದ ಸರಕಾರಿ ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕುವ ಮಾತು ಬಂದಾಗ ಹಾಸ್ಟೆಲಿನ ವಿಷಯಕ್ಕೆ ಅಜ್ಜಿ ಮೂರು ದಿನ ಒಪ್ಪಲಿಲ್ಲ. ನಾಲ್ಕನೆಯ ದಿನ ಅಡಿಕೆಯ ಅಜ್ಜನೇ ಒಪ್ಪಿಸಿದರಂತೆ. ಈಗ ಅವಳು ಅಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ವಿದ್ಯಾರ್ಥಿನಿ. ರಜೆಗೆ ಊರಿಗೆ ಬಂದಾಗ ಮೊದಲು ಮಾಡುವ ಕೆಲಸ ಯಂತ್ರದ ಹಲಗೆ ಎತ್ತುವುದು. ಮಳೆಗಾಲದ ತೇವಕ್ಕೆ ತುದಿಗಳು ವರ್ಷವರ್ಷ ಕಪ್ಪುಗಟ್ಟುತ್ತವೆ. ಯಾವ ದುರಸ್ತಿಯೂ ಶಾಶ್ವತವಲ್ಲ. ಅವಳು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ರೋಗದ ಲಕ್ಷಣ, ಕಾರಣ, ಚಿಕಿತ್ಸೆ ಎಂದು ನಾಲ್ಕು ಕಾಲಂ ಹಾಕಿ ಬರೆದಿಟ್ಟಿದ್ದಾಳೆ. ಅದನ್ನು ನೋಡಿ ನನಗಾದ ಸಂತೋಷ ಅವಳ ಅಂಕಪಟ್ಟಿ ನೋಡಿದಾಗ ಆದದ್ದಕ್ಕಿಂತ ದೊಡ್ಡದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಮಗುವಿನ ಉತ್ತರಪತ್ರಿಕೆಯಲ್ಲಿ ಸೊನ್ನೆ ಕಂಡಾಗ ಸುರುಳಿಯೇ ಸುಟ್ಟಿದೆಯೆಂದು ಮೊದಲಿಗೇ ತೀರ್ಮಾನಿಸಬೇಡಿ. ಅದು ಬಹಳ ವಿರಳ. ಗದ್ದಲ ಮಾಡುವ ಮೋಟಾರನ್ನೂ ಬೈಯಬೇಡಿ; ಅದಕ್ಕೆ ಯಾರೋ ತಪ್ಪು ಸುದ್ದಿ ಕೊಡುತ್ತಿರಬಹುದು. ಯಾವುದು ಸರಿಯಾಗಿದೆಯೆಂದು ಮೊದಲು ಗುರುತಿಸಿ, ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಯಿರಿ. ಮುಟ್ಟಬೇಕಾದ ಎರಡು ತುದಿಗಳು ಎಲ್ಲೋ ಮುಟ್ಟದೇ ಇರುತ್ತವೆ, ಅಥವಾ ಬಿಡಬೇಕಾದವು ಅಂಟಿಕೊಂಡಿರುತ್ತವೆ. ಅದನ್ನು ಹುಡುಕಲು ಬೇಕಾದದ್ದು ಸ್ವಲ್ಪ ಬೆಳಕು, ಸ್ವಲ್ಪ ಮೌನ, ಒಂದು ತುಂಡು ಕಾಗದ.

ಅಂದಹಾಗೆ, ಲಗ್ನಸರಾಯಿ ಮುಗಿದ ಮೇಲೆ ಪತ್ರಿಕೆಗಳನ್ನು ರದ್ದಿಗೆ ಹಾಕಬೇಡಿ. ಒಂದೆರಡನ್ನು ಎತ್ತಿಡಿ.

ಎಲ್ಲರಿಗೂ ಒಳ್ಳೆಯದಾಗಲಿ.